ಡಿಸ್ಪೋಸಲ್ ಟ್ರೇಲರಿನ ಕಥೆ

ಎರಡನೆಯ ಮಹಾಯುದ್ಧದ ಚರಿತ್ರೆಯಲ್ಲಿ ಜೀಪಿಗೆ ದೊರೆತ ಕೀರ್ತಿ ಅದರ ಹಿಂದೆ ಕೊಂಡಿಯಲ್ಲಿ ಸಿಕ್ಕಿಕೊಂಡು ಬಂದ ಪುಟ್ಟ ಟ್ರೇಲರಿಗೆ ದೊರೆಯಲಿಲ್ಲ. ಎಂಜಿನ್ ಇಲ್ಲದ, ತಾನಾಗಿ ಒಂದು ಗೇಣೂ ಚಲಿಸಲಾರದ ಕಬ್ಬಿಣದ ಪೆಟ್ಟಿಗೆಯನ್ನು ಕುರಿತು ಬರೆಯುವುದೇನಿದೆ ಎಂದು ಓದುಗರು ಕೇಳಬಹುದು. ಆದರೆ ಯುದ್ಧ ಮುಗಿದ ಮೇಲೆ ಸೈನ್ಯದ ಸಾಮಗ್ರಿ ಸಾಮಾನ್ಯ ಮನುಷ್ಯನ ಕೈಗೆ ಹೇಗೆ ಬಂತು, ಬಂದ ಮೇಲೆ ಅವನಿಗೆ ಎಷ್ಟು ಒದಗಿತು ಎಂಬುದಕ್ಕೆ ಜೀಪಿಗಿಂತ ಈ ಟ್ರೇಲರೇ ಒಳ್ಳೆಯ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ.

1940ರ ಜುಲೈ ತಿಂಗಳಲ್ಲಿ ಅಮೆರಿಕದ ಸೈನ್ಯವು ಹಗುರವಾದ ವಾಹನವೊಂದಕ್ಕಾಗಿ 135 ಕಂಪನಿಗಳಿಗೆ ಕರೆ ಕಳುಹಿಸಿತು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಾರ್ಖಾನೆಯು 49 ದಿನಗಳ ಗಡುವಿಗೆ ಒಪ್ಪಿ, ಸೆಪ್ಟೆಂಬರ್ 23ರಂದು ಮೊದಲ ಮಾದರಿಯನ್ನು ಸೈನ್ಯಕ್ಕೆ ಒಪ್ಪಿಸಿತು. ಆದರೆ ದೊಡ್ಡ ಗುತ್ತಿಗೆಗಳು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಅವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದರೆ, ಬ್ಯಾಂಟಮ್ ತಯಾರಿಸಿದವು ಮೂರು ಸಾವಿರಕ್ಕೂ ಕಡಿಮೆ. ಜೀಪಿಗೆ ಜನ್ಮ ಕೊಟ್ಟವರಿಗೆ ಕಡೆಗೆ ಉಳಿದದ್ದು ಅದರ ಹಿಂದೆ ಕಟ್ಟುವ ಟ್ರೇಲರನ್ನು ಮಾಡಿಕೊಡುವ ಕೆಲಸ.

ಆ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದರು. ಬರಿಯ ಟ್ರೇಲರಿನ ತೂಕ ಸುಮಾರು 550 ಪೌಂಡು. ಕಚ್ಚಾ ನೆಲದಲ್ಲಿ ಅದು ಹೊರಬೇಕಾದ ಭಾರ 500 ಪೌಂಡು, ಅಂದರೆ ಕಾಲು ಟನ್ನು. ಚಕ್ರಗಳು ಜೀಪಿನವೇ ಆದುದರಿಂದ ಜೀಪಿನ ಟೈರು ಒಡೆದರೆ ಟ್ರೇಲರಿನದನ್ನು ಬಿಚ್ಚಿ ಹಾಕಿಕೊಳ್ಳಬಹುದಾಗಿತ್ತು. ಪೆಟ್ಟಿಗೆಗೆ ನೀರು ನುಗ್ಗದಂತೆ ಬೆಸುಗೆ ಹಾಕಿದ್ದರಿಂದ ಸಾಮಾನು ತುಂಬಿದಾಗಲೂ ಅದು ಹೊಳೆಯಲ್ಲಿ ತೇಲುತ್ತಿತ್ತು. ಒಳಗೆ ನಿಂತ ನೀರು ಹರಿದುಹೋಗಲು ತಳದಲ್ಲಿ ಬಿರಡೆಗಳಿದ್ದವು. ಒಂದೇ ಒಂದು ಕೊರತೆಯೆಂದರೆ ಓಡುವಾಗ ತಡೆಯುವ ಬ್ರೇಕು ಅದಕ್ಕಿರಲಿಲ್ಲ. ಇದ್ದದ್ದು ನಿಲ್ಲಿಸಿದಾಗ ಉರುಳದಂತೆ ಹಿಡಿಯುವ ಕೈಬ್ರೇಕು ಮಾತ್ರ.

ಯುದ್ಧ ಮುಗಿಯುವ ಮುನ್ನವೇ, 1944ರಲ್ಲಿ, ಉಳಿಕೆ ಸಾಮಗ್ರಿಯ ವಿಲೇವಾರಿಗೆಂದು ಅಮೆರಿಕವು ಒಂದು ಶಾಸನವನ್ನು ಮಾಡಿತು. ಸಣ್ಣ ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ, ಸೈನ್ಯದಿಂದ ಮರಳಿದವರಿಗೆ ಅದು ನೆರವಾಗಬೇಕೆಂಬುದು ಅದರ ಉದ್ದೇಶಗಳಲ್ಲಿ ಸೇರಿತ್ತು. ಕಾರ್ಯದಲ್ಲಿ ನಡೆದದ್ದೇ ಬೇರೆ. ಸರಕಾರಿ ಇಲಾಖೆಗಳು ಮುಂದಿನ ಸಾಲಿನಲ್ಲಿ ನಿಂತವು. ಸಗಟಾಗಿ ಕೊಳ್ಳಬಲ್ಲ ವರ್ತಕರಿಗೆ ಅನುಕೂಲವಾಯಿತು. ಒಂದೇ ಜೀಪು, ಒಂದೇ ಟ್ರೇಲರು ಬೇಕೆಂದು ಬಂದ ಮಾಜಿ ಸೈನಿಕನು ಕಾದು ಬರಿಗೈಯಲ್ಲಿ ಹಿಂದಿರುಗಿದ. ದೂರುಗಳು ಹೆಚ್ಚಿದ ಮೇಲೆ 1946ರಲ್ಲಿ ತಿದ್ದುಪಡಿ ತಂದು ಅವನ ಆದ್ಯತೆಯನ್ನು ಮೇಲಕ್ಕೇರಿಸಬೇಕಾಯಿತು. ಐವತ್ತು ಡಾಲರಿಗೆ ಹೊಸ ಜೀಪು ಸಿಗುತ್ತದೆಂಬ ವದಂತಿಯನ್ನು ನಂಬಿ, ಪತ್ರಿಕೆಗಳ ಜಾಹೀರಾತಿಗೆ ಹಣ ಕಳುಹಿಸಿದವರಿಗೆ ಅಲ್ಲಿ ಬಹುಕಾಲ ದೊರೆಯುತ್ತಿದ್ದುದು ಮಾಹಿತಿಯ ಹೊತ್ತಗೆಯೇ ಹೊರತು ಜೀಪಲ್ಲ.

ನಮ್ಮ ದೇಶಕ್ಕೂ ಈ ಕಥೆಗೂ ನೇರವಾದ ನಂಟಿದೆ. ಬರ್ಮಾ ಮತ್ತು ಚೀನಾದ ಯುದ್ಧರಂಗಗಳಿಗೆಂದು ಭಾರತದಲ್ಲಿ ಇಳಿಸಿದ್ದ ಅಮೆರಿಕದ ಸಾಮಗ್ರಿಯಲ್ಲಿ ಬಹುಪಾಲು ಇಲ್ಲಿಯೇ ಉಳಿಯಿತು. 1946ರ ಮೇ ತಿಂಗಳ ಒಪ್ಪಂದದ ಮೇರೆಗೆ ಅದು ಭಾರತ ಸರಕಾರಕ್ಕೆ ಸೇರಿ, ವಿಲೇವಾರಿ ಇಲಾಖೆಯ ಮೂಲಕ ಮಾರಾಟವಾಯಿತು. 'ಡಿಸ್ಪೋಸಲ್' ಎಂಬ ಮಾತು ಕಂಬಳಿಗೆ, ಬೂಟಿಗೆ, ಗುಡಾರದ ಬಟ್ಟೆಗೆ, ಜೀಪಿಗೆ ಅಂಟಿಕೊಂಡು ನಮ್ಮ ಹಳ್ಳಿಗಳಿಗೂ ಬಂದದ್ದು ಹೀಗೆ.

ನನ್ನ ಭಾವನವರು ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರು. ಹಳೆಯ ಜೀಪೊಂದು ಅವರಲ್ಲಿ ಮೊದಲೇ ಇತ್ತು. 1960ರ ದಶಕದಲ್ಲಿ ಇಂಥದೊಂದು ಟ್ರೇಲರನ್ನು ಕೊಳ್ಳಲು ಹೊರಟಾಗ ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. ಆ ವರ್ಷದ ಫಸಲಿನ ಹಣದಲ್ಲಿ ದೊಡ್ಡ ಪಾಲನ್ನು ಅದಕ್ಕೆ ಸುರಿಯಬೇಕಾಗಿದ್ದುದರಿಂದ ಅವರು ಆತುರಪಡಲಿಲ್ಲ. ಹೊಸದಾಗಿ ಬಳಿದಿದ್ದ ಹಸಿರು ಬಣ್ಣವನ್ನು ಅವರು ನೋಡಲೇ ಇಲ್ಲ. ನೆಲಕ್ಕೆ ಗೋಣಿ ಹಾಸಿ, ಅಡಿಗೆ ನುಸುಳಿ, ತಳವನ್ನು ಸುತ್ತಿಗೆಯಿಂದ ಬಡಿದು ಸದ್ದು ಕೇಳಿದರು. ತುಕ್ಕು ತಿಂದ ತಗಡು ಮಂಕಾಗಿ ಸದ್ದು ಮಾಡುತ್ತದೆ. ಎಳೆಯುವ ಕಂಬವು ಚೌಕಟ್ಟಿಗೆ ಸೇರುವಲ್ಲಿ ಬಿರುಕಿದೆಯೇ, ಕೊಕ್ಕೆಗೆ ಸಿಕ್ಕುವ ಉಂಗುರ ಸವೆದಿದೆಯೇ ಎಂದು ಬೆರಳಾಡಿಸಿ ನೋಡಿದರು. ಚಕ್ರಗಳನ್ನು ಎತ್ತಿ ತಿರುಗಿಸಿ ಬೇರಿಂಗಿನ ದನಿಗೆ ಕಿವಿಗೊಟ್ಟರು. ಕಡೆಗೆ ಕೇಳಿದ್ದು ಹರಾಜಿನ ಕಾಗದವನ್ನು. ಅದು ಕೈಗೆ ಬರುವವರೆಗೆ ಹಣದ ಗಂಟನ್ನು ಬಿಚ್ಚಲಿಲ್ಲ.

ಅಡಿಕೆಯ ಮೂಟೆಯೊಂದು ಸುಮಾರು 70 ಕಿಲೋ ತೂಗುತ್ತಿತ್ತು. ಕಾಲು ಟನ್ನಿನ ಲೆಕ್ಕಕ್ಕೆ ಮೂರು ಮೂಟೆ. ಭಾರವು ಅಚ್ಚಿನ ಮೇಲೆ, ತುಸು ಮುಂದಕ್ಕೆ ಬೀಳುವಂತೆ ಅವನ್ನು ಜೋಡಿಸುತ್ತಿದ್ದರು. ಹಿಂದಕ್ಕೆ ಬಿದ್ದರೆ ಟ್ರೇಲರು ಹಾವಿನಂತೆ ಹೊರಳಾಡುತ್ತದೆ. ಮಂಡಿಗೆ ಹೊರಟ ದಿನ ನೆರೆಯವರೊಬ್ಬರು ತಮ್ಮ ಮೂಟೆಗಳನ್ನೂ ತಂದಿಟ್ಟು, "ಜಾಗ ಇದೆಯಲ್ಲ ಭಟ್ರೇ, ಇನ್ನೆರಡು ಹಾಕಿ" ಎಂದರು. ಭಾವನವರು, "ಟ್ರೇಲರು ಹೊರುತ್ತೆ ಮಾರಾಯ್ರೇ, ಇಳಿಜಾರಿನಲ್ಲಿ ಜೀಪಿನ ಬ್ರೇಕು ತಡೀಬೇಕಲ್ಲ!" ಎಂದುಬಿಟ್ಟರು. ನೆರೆಯವರ ಮುಖ ಬಾಡಿತು. ಕೆಲವು ದಿನ ಮಾತೂ ನಿಂತಿತು. ಆದರೆ ಹಿಂದಿನಿಂದ ನೂಕುವ ಭಾರವನ್ನು ಒಂದೇ ವಾಹನದ ಬ್ರೇಕು ತಾಳಿಕೊಳ್ಳಬೇಕಾದ ಆ ಮಲೆನಾಡಿನ ಹಾದಿಯಲ್ಲಿ ದಾಕ್ಷಿಣ್ಯಕ್ಕೆ ಎಡೆಯಿರಲಿಲ್ಲ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ನಿಯಮವನ್ನು ಅವರು ಒಂದು ದಿನವೂ ಮುರಿದದ್ದನ್ನು ನಾನು ಕಾಣೆ. ಬಹಳ ವರ್ಷಗಳ ಕಾಲ ಆ ಟ್ರೇಲರು ಅಡಿಕೆ, ಗೊಬ್ಬರ, ಹೆಂಚು, ಮದುವೆಮನೆಯ ಪಾತ್ರೆಗಳನ್ನೆಲ್ಲ ಹೊತ್ತಿತು.

ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯವನ್ನು ಕೇಂದ್ರ ಸರಕಾರ 2017ರಲ್ಲಿ ಮುಚ್ಚಿತು. ಈಗ ಸರಕಾರದ ಹಳೆಯ ಸಾಮಾನುಗಳು ಗಣಕಯಂತ್ರದ ಮೂಲಕವೇ ಹರಾಜಾಗುತ್ತವೆ. ಕೊಳ್ಳುವ ಬಯಕೆಯುಳ್ಳವರು ನೆನಪಿಡಬೇಕಾದ ಸಂಗತಿಯೊಂದಿದೆ: 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರು ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ನೋಂದಣಿ ಇಲ್ಲದೆ ಅದು ರಸ್ತೆಗೆ ಇಳಿಯುವಂತಿಲ್ಲ. ಕಾಗದವಿಲ್ಲದ ಟ್ರೇಲರು ಎಷ್ಟು ಅಗ್ಗವಾದರೂ ಗುಜರಿಯ ಬೆಲೆಯದೇ.

ಸೈನ್ಯದ ಉಳಿಕೆಯ ಸಾಮಾನು ಅಗ್ಗ ಎಂಬುದು ಲೋಕದ ಮಾತು. ಚರಿತ್ರೆಯನ್ನು ನೋಡಿದರೆ, ಸಗಟಾಗಿ ಕೊಂಡವರಿಗೆ ಅದು ನಿಜವಾಗಿಯೂ ಅಗ್ಗವಾಗಿತ್ತು. ಒಂದನ್ನೇ ಕೊಳ್ಳುವ ಬಡವನಿಗೆ ಅದನ್ನು ಅಗ್ಗವಾಗಿಸಿದ್ದು ಸರಕಾರದ ಶಾಸನವಲ್ಲ. ಬಡಿದು ನೋಡುವ ಸುತ್ತಿಗೆ, ಕೇಳಿ ಪಡೆದ ಕಾಗದ, ಮೂರನೆಯ ಮೂಟೆಗೇ ಸಾಕೆನ್ನುವ ಬುದ್ಧಿ.