ವೈಟ್ ಪಾಸ್ ಮಾರ್ಗ: ವಿಹಾರದಾರಿಯೂ ಚರಿತ್ರೆಯ ಸಾಕ್ಷ್ಯವೂ

ಅಲಾಸ್ಕದ ಆಗ್ನೇಯ ಭಾಗದಲ್ಲಿರುವ ಸ್ಕ್ಯಾಗ್ವೇ ಎಂಬ ಸಣ್ಣ ರೇವುಪಟ್ಟಣಕ್ಕೆ ಬೇಸಗೆಯ ತಿಂಗಳುಗಳಲ್ಲಿ ದೊಡ್ಡ ವಿಹಾರನೌಕೆಗಳು ಬಂದು ನಿಲ್ಲುತ್ತವೆ. ಅವುಗಳಿಂದ ಇಳಿದ ಪ್ರವಾಸಿಗರು ನ್ಯಾರೋಗೇಜ್ ರೈಲನ್ನೋ ಬಸ್ಸನ್ನೋ ಏರಿ, ಹಿಮಶಿಖರಗಳನ್ನೂ ಜಲಪಾತಗಳನ್ನೂ ನೋಡುತ್ತ ವೈಟ್ ಪಾಸ್ ಘಾಟಿಯನ್ನು ಹತ್ತುತ್ತಾರೆ. ಕೆಲವರು ಕೆನಡಾದ ಗಡಿಯನ್ನು ದಾಟಿ ಬೆನೆಟ್ ಸರೋವರದ ತೀರದಲ್ಲಿರುವ ಕಾರ್‌ಕ್ರಾಸ್ ಗ್ರಾಮದವರೆಗೂ ಹೋಗಿ, ಸಂಜೆಯೊಳಗೆ ಹಡಗಿಗೆ ಹಿಂದಿರುಗುತ್ತಾರೆ. ಈ ಒಂದು ದಿನದ ವಿಹಾರದಲ್ಲಿ ಅವರಿಗೆ ಎರಡು ವಸ್ತುಗಳನ್ನು ತೋರಿಸಲಾಗುತ್ತದೆ: ಒಂದು, ಮನುಷ್ಯನ ಸುಳಿವಿಲ್ಲದ ಉತ್ತರದ ಕಾಡು, ಇನ್ನೊಂದು, ಚಿನ್ನದ ಬೇಟೆಯ ಸ್ಮಾರಕವಾದ ರೈಲುದಾರಿ. ಈ ಎರಡು ಚಿತ್ರಗಳೂ ಚರಿತ್ರೆಯ ಆಧಾರಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸುತ್ತೇವೆ.

ಮೊದಲು ಘಟನೆಗಳ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. 1896ರ ಆಗಸ್ಟ್ ತಿಂಗಳಲ್ಲಿ, ಯೂಕಾನ್ ನದಿಯನ್ನು ಸೇರುವ ಕ್ಲಾಂಡೈಕ್ ಹೊಳೆಯ ಒಂದು ಉಪತೊರೆಯಲ್ಲಿ ಜಲ್ಲಿಯೊಡನೆ ಬೆರೆತ ಚಿನ್ನವು ಹೇರಳವಾಗಿ ಕಂಡುಬಂದಿತು. ಆ ಚಿನ್ನವನ್ನು ಹೊತ್ತ ಎರಡು ಹಡಗುಗಳು 1897ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸಿಯಾಟಲ್ ರೇವುಗಳನ್ನು ಮುಟ್ಟಿದುವು. ಆರ್ಥಿಕ ಮುಗ್ಗಟ್ಟಿನಿಂದ ಬಳಲುತ್ತಿದ್ದ ಅಮೆರಿಕದಲ್ಲಿ ಈ ವಾರ್ತೆಯು ಕಾಡುಕಿಚ್ಚಿನಂತೆ ಹಬ್ಬಿತು. ಸುಮಾರು ಒಂದು ಲಕ್ಷ ಜನ ಮನೆಮಠಗಳನ್ನು ಬಿಟ್ಟು ಹೊರಟರೆಂದೂ, ಅವರಲ್ಲಿ ಮೂವತ್ತರಿಂದ ನಲವತ್ತು ಸಾವಿರದಷ್ಟು ಜನ ಮಾತ್ರ ಡಾಸನ್ ನಗರವನ್ನು ಸೇರಿದರೆಂದೂ ಅಂದಾಜು ಮಾಡಲಾಗಿದೆ. ಅವರು ಸೇರುವ ವೇಳೆಗೆ ಉತ್ತಮವಾದ ತೊರೆಗಳೆಲ್ಲವೂ ಅನ್ಯರ ಹೆಸರಿಗೆ ದಾಖಲಾಗಿಹೋಗಿದ್ದುವು.

ಕರಾವಳಿಯಿಂದ ಒಳನಾಡಿಗೆ ಹೋಗುವವರಿಗೆ ಮುಖ್ಯವಾಗಿ ಎರಡು ಘಾಟಿಗಳಿದ್ದುವು: ಡೈಯಿಯಿಂದ ಏರುವ ಚಿಲ್ಕೂಟ್, ಸ್ಕ್ಯಾಗ್ವೇಯಿಂದ ಏರುವ ವೈಟ್ ಪಾಸ್. ಒಂದು ವರ್ಷಕ್ಕೆ ಸಾಲುವಷ್ಟು ಆಹಾರವಿಲ್ಲದವರನ್ನು ಕೆನಡಾದ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಬಟ್ಟೆಬರೆ, ಹತ್ಯಾರುಗಳನ್ನೂ ಸೇರಿಸಿದರೆ ಒಬ್ಬನ ಹೊರೆ ಸುಮಾರು ಒಂದು ಟನ್ ಆಗುತ್ತಿತ್ತು. ಕೂಲಿಯಾಳನ್ನು ಹಿಡಿಯಲು ಹಣವಿಲ್ಲದವನು ಅದನ್ನು ತುಂಡುತುಂಡಾಗಿ ಬೆನ್ನಮೇಲೆ ಹೊತ್ತು ಒಂದೇ ಬೆಟ್ಟವನ್ನು ಹತ್ತಾರು ಸಲ ಹತ್ತಿಳಿಯಬೇಕಾಗಿತ್ತು. 1898ರ ಏಪ್ರಿಲ್ 3ರಂದು ಚಿಲ್ಕೂಟ್ ದಾರಿಯಲ್ಲಿ ಹಿಮರಾಶಿ ಕುಸಿದು ಅರವತ್ತಕ್ಕೂ ಹೆಚ್ಚು ಜನ ಮಡಿದರು. ವೈಟ್ ಪಾಸಿನಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತುವೆಂದು ಹೇಳುತ್ತಾರೆ. ಅಲ್ಲಿನ ಒಂದು ಕಮರಿಗೆ ‘ಸತ್ತ ಕುದುರೆಗಳ ಕಮರಿ’ ಎಂಬ ಹೆಸರೇ ನಿಂತಿದೆ. ಈಗ ಕೆಲವು ಗಂಟೆಗಳಲ್ಲಿ ಮುಗಿಯುವ ದಾರಿಯು ಆಗ ಹಲವರಿಗೆ ಇಡೀ ಚಳಿಗಾಲದ ಕೆಲಸವಾಗಿತ್ತು.

ಇನ್ನು ರೈಲುದಾರಿಯ ವಿಷಯ. ಅದರ ಕೆಲಸವು 1898ರ ಮೇ ತಿಂಗಳ ಕೊನೆಯಲ್ಲಿ, ಬಹುಮಟ್ಟಿಗೆ ಬ್ರಿಟಿಷ್ ಬಂಡವಾಳದಿಂದ ಆರಂಭವಾಯಿತು. ಸಮುದ್ರಮಟ್ಟದಿಂದ ಸುಮಾರು ಇಪ್ಪತ್ತು ಮೈಲಿಗಳಲ್ಲಿ 2,800 ಅಡಿಗಳಿಗೂ ಮೇಲಕ್ಕೆ ಹತ್ತುವ ಈ ದಾರಿಗಾಗಿ ಬಂಡೆಗಳನ್ನು ಸಿಡಿಮದ್ದಿನಿಂದ ಒಡೆಯಬೇಕಾಯಿತು. 1898ರ ಆಗಸ್ಟಿನಲ್ಲಿ ಸಿಡಿದ ಒಂದು ಹೆಬ್ಬಂಡೆಯ ಕೆಳಗೆ ಇಬ್ಬರು ಕೂಲಿಗಾರರು ಸಿಕ್ಕಿ ಸತ್ತರು. ಬಂಡೆಯನ್ನು ಎತ್ತಲಾರದೆ ಅದರ ಮೇಲೆಯೇ ಕರಿಯ ಶಿಲುಬೆಯೊಂದನ್ನು ನೆಟ್ಟರು. ಮೊದಲ ರೈಲು 1899ರ ಫೆಬ್ರವರಿಯಲ್ಲಿ ಘಾಟಿಯ ತುದಿಯನ್ನೂ ಜುಲೈಯಲ್ಲಿ ಬೆನೆಟ್ಟನ್ನೂ ಮುಟ್ಟಿತು. ಸ್ಕ್ಯಾಗ್ವೇಯಿಂದ ವೈಟ್‌ಹಾರ್ಸ್‌ವರೆಗಿನ 110 ಮೈಲಿಗಳ ಮಾರ್ಗವು ಪೂರ್ಣವಾದದ್ದು 1900ರ ಜುಲೈ 29ರಂದು.

ಈ ತಾರೀಖುಗಳನ್ನು ಚಿನ್ನದ ಬೇಟೆಯ ತಾರೀಖುಗಳೊಡನೆ ಹೋಲಿಸಿ ನೋಡಬೇಕು. ನೂಕುನುಗ್ಗಲಿನ ಮುಖ್ಯ ಪ್ರವಾಹವು 1897–98ರ ಚಳಿಗಾಲದಲ್ಲಿಯೇ ಘಾಟಿಗಳನ್ನು ದಾಟಿತು. 1898ರ ಮೇ ಕೊನೆಗೆ ಬೆನೆಟ್ ಸರೋವರದ ಮಂಜು ಒಡೆದಾಗ ಸಾವಿರಾರು ದೋಣಿಗಳು ಡಾಸನ್ನಿಗೆ ತೇಲಿಹೋದುವು. 1899ರ ಬೇಸಗೆಯಲ್ಲಿ, ಅಲಾಸ್ಕದ ಪಶ್ಚಿಮ ತೀರದ ನೋಮ್‌ನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಬಂದೊಡನೆ ಸಾವಿರಾರು ಜನ ಡಾಸನ್ನನ್ನು ಬಿಟ್ಟು ಅತ್ತ ಧಾವಿಸಿದರು. ಅಂದರೆ ಚಿನ್ನಕ್ಕಾಗಿ ಕಟ್ಟಿದ ರೈಲು ಸಿದ್ಧವಾಗುವ ಹೊತ್ತಿಗೆ ಚಿನ್ನದ ಜಾತ್ರೆಯೇ ಚದುರಿತ್ತು. ಮುಂದೆ ಅದನ್ನು ಉಳಿಸಿದ್ದು ದೊಡ್ಡ ಕಂಪೆನಿಗಳ ಯಂತ್ರಗಣಿಗಾರಿಕೆಯ ಸಾಮಗ್ರಿ, ಒಳನಾಡಿನ ಅದಿರು, ಮತ್ತು 1942ರಿಂದ ಅಲಾಸ್ಕ ಹೆದ್ದಾರಿಯ ನಿರ್ಮಾಣಕ್ಕೆ ಬೇಕಾದ ಸೈನ್ಯದ ಸರಕು. ಲೋಹಗಳ ಬೆಲೆ ಕುಸಿದು ಯೂಕಾನಿನ ಗಣಿಗಳು ನಿಂತಾಗ, 1982ರಲ್ಲಿ ರೈಲೂ ನಿಂತಿತು. 1988ರಲ್ಲಿ ಪ್ರವಾಸಿಗರಿಗಾಗಿಯೇ ಮತ್ತೆ ಹೊರಟಿತು. ಆದುದರಿಂದ ಈ ರೈಲನ್ನು ಚಿನ್ನದ ಬೇಟೆಯ ವಾಹನವೆನ್ನುವುದಕ್ಕಿಂತ ಅದರ ನೆನಪಿನ ವಾಹನವೆನ್ನುವುದೇ ಹೆಚ್ಚು ಸರಿಯಾದೀತು.

ಎರಡನೆಯ ಚಿತ್ರವಾದ ಜನಶೂನ್ಯ ಅರಣ್ಯವು ಇದಕ್ಕಿಂತಲೂ ದುರ್ಬಲವಾದ ತಳಹದಿಯ ಮೇಲೆ ನಿಂತಿದೆ. ಚಿನ್ನದ ಶೋಧಕ್ಕೆ ಬಹುಕಾಲ ಮೊದಲೇ ಕರಾವಳಿಯ ಟ್ಲಿಂಗಿಟ್ ಜನರು ಮೀನೆಣ್ಣೆಯನ್ನೂ ಇತರ ಸರಕನ್ನೂ ಒಳನಾಡಿಗೆ ಒಯ್ದು ತುಪ್ಪುಳದ ಚರ್ಮಗಳನ್ನು ತರುತ್ತಿದ್ದರು. ಘಾಟಿಗಳು ಅವರ ಸ್ವಾಧೀನದಲ್ಲಿದ್ದುವು. ಪರರು ಅವರ ಅಪ್ಪಣೆಯಿಲ್ಲದೆ ದಾಟುವಂತಿರಲಿಲ್ಲ. ಹಡ್ಸನ್ ಬೇ ಕಂಪೆನಿಯು ಒಳನಾಡಿನಲ್ಲಿ ಫೋರ್ಟ್ ಸೆಲ್ಕರ್ಕ್ ಎಂಬ ಕೋಠಿಯನ್ನು ಸ್ಥಾಪಿಸಿ ಆ ವ್ಯಾಪಾರಕ್ಕೆ ಅಡ್ಡಬಂದಾಗ, 1852ರಲ್ಲಿ ಚಿಲ್ಕಟ್ ಟ್ಲಿಂಗಿಟರು ಹೋಗಿ ಅದನ್ನು ಸೂರೆಮಾಡಿದರು. ಇದಕ್ಕಿಂತಲೂ ಗಮನಾರ್ಹವಾದ ಆಧಾರವೊಂದುಂಟು. 1869ರಲ್ಲಿ ಸೂರ್ಯಗ್ರಹಣವನ್ನು ವೀಕ್ಷಿಸಲು ಬಂದಿದ್ದ ಜಾರ್ಜ್ ಡೇವಿಡ್‌ಸನ್ ಎಂಬ ಅಮೆರಿಕದ ವಿಜ್ಞಾನಿಗೆ ಚಿಲ್ಕಟ್ ಮುಖಂಡ ಕೋಕ್ಲಕ್ಸ್ ತನ್ನ ಇಬ್ಬರು ಪತ್ನಿಯರೊಡನೆ ಕುಳಿತು, ಕರಾವಳಿಯಿಂದ ಫೋರ್ಟ್ ಸೆಲ್ಕರ್ಕಿನವರೆಗಿನ ದಾರಿಯ ನಕ್ಷೆಯನ್ನು ನೆನಪಿನಿಂದ ಬರೆದುಕೊಟ್ಟನು. ಹೀಗೆ ನಕ್ಷೆಗೆ ಇಳಿದಿದ್ದ ನಾಡನ್ನು ‘ಯಾರೂ ಅರಿಯದ ಕಾಡು’ ಎಂದು ಕರೆಯುವುದು ಹೇಗೆ? ವೈಟ್ ಪಾಸನ್ನು 1887ರಲ್ಲಿ ಕೆನಡಾದ ಮೋಜಣಿಯ ತಂಡಕ್ಕೆ ತೋರಿಸಿಕೊಟ್ಟವನು ಟ್ಯಾಗಿಷ್ ಜನಾಂಗದ ಕೀಶ್, ಅಂದರೆ ಸ್ಕೂಕಮ್ ಜಿಮ್. ಆದರೆ ಘಾಟಿಗೆ ಇಟ್ಟದ್ದು ಕೆನಡಾದ ಮಂತ್ರಿ ಥಾಮಸ್ ವೈಟನ ಹೆಸರನ್ನು.

1896ರ ಶೋಧದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಅಂದು ಅಲ್ಲಿದ್ದವರು ಕೀಶ್, ಅವನ ಸೋದರಳಿಯ ಡಾಸನ್ ಚಾರ್ಲಿ, ಸೋದರಿ ಶಾ ತ್ಲಾ ಎಂಬ ಕೇಟ್, ಮತ್ತು ಅವಳ ಗಂಡನಾದ ಜಾರ್ಜ್ ಕಾರ್ಮ್ಯಾಕ್. ಮೊದಲು ಕಂಡವನಿಗೆ ಸಲ್ಲುವ ವಿಶೇಷ ಹಕ್ಕು ಕಾರ್ಮ್ಯಾಕನ ಹೆಸರಿಗೆ ದಾಖಲಾಯಿತು. ಟ್ಯಾಗಿಷ್ ಜನರ ಮೌಖಿಕ ಪರಂಪರೆಯಾದರೋ ಕೀಶನನ್ನೇ ಶೋಧಕನೆನ್ನುತ್ತದೆ; ಅವನು ಉತ್ತರಕ್ಕೆ ಹೋದದ್ದು ಚಿನ್ನಕ್ಕಾಗಿ ಅಲ್ಲ, ಬಹುಕಾಲ ಸುದ್ದಿಯಿಲ್ಲದಿದ್ದ ಸೋದರಿಯನ್ನು ಹುಡುಕಿಕೊಂಡು ಎಂದೂ ಹೇಳುತ್ತದೆ. ಕಾರ್ಮ್ಯಾಕನು 1900ರಲ್ಲಿ ಹೆಂಡತಿಯನ್ನು ತೊರೆದನು. ಅವಳು ತೌರಿಗೆ ಮರಳಿ, 1920ರಲ್ಲಿ ಕಾರ್‌ಕ್ರಾಸಿನಲ್ಲಿ ತೀರಿಕೊಂಡಳು. ಅವಳ, ಕೀಶನ ಮತ್ತು ಚಾರ್ಲಿಯ ಸಮಾಧಿಗಳು ಆ ಗ್ರಾಮದಲ್ಲಿಯೇ ಇವೆ. ಕೆನಡಾದ ಗಣಿಗಾರರ ಗೌರವಪಟ್ಟಿಯಲ್ಲಿ ಉಳಿದವರ ಹೆಸರುಗಳು 1999ರಲ್ಲಿಯೇ ಸೇರಿದುವು. ಅವಳ ಹೆಸರು ಸೇರಿದ್ದು 2019ರಲ್ಲಿ.

‘ನಿರ್ಜನ’ ಎಂಬ ಮಾತು ಕೇವಲ ವರ್ಣನೆಯಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಆದರೆ ನೆಲಕ್ಕೆ ಒಡೆಯರಿಲ್ಲವೆಂದರೆ ಅದಕ್ಕೆ ಬೆಲೆ ಕೊಡಬೇಕಾದ ಪ್ರಮೇಯವೂ ಇಲ್ಲ. ಕ್ಲಾಂಡೈಕ್ ನದೀಮುಖದಲ್ಲಿ ಮೀನು ಹಿಡಿದು ಬಾಳುತ್ತಿದ್ದ ಹಾನ್ ಜನರು 1897ರಲ್ಲಿ ನೆಲೆ ತಪ್ಪಿ, ಮುಖಂಡ ಐಸಾಕನೊಡನೆ ಮೂಸ್‌ಹೈಡ್ ಎಂಬಲ್ಲಿಗೆ ಸರಿಯಬೇಕಾಯಿತು. ಮುಂದೆ ಏನಾಗುವುದೋ ಎಂದು ಅವರು ತಮ್ಮ ಹಾಡುಗಳನ್ನು ಅಲಾಸ್ಕದ ನಂಟರ ವಶಕ್ಕೆ ಒಪ್ಪಿಸಿದರು. 1902ರಲ್ಲಿ ಜಿಮ್ ಬಾಸ್ ಎಂಬ ಮುಖಂಡನು ವಕೀಲನ ಮೂಲಕ ಒಟ್ಟಾವಾ ಸರ್ಕಾರಕ್ಕೆ ಪತ್ರ ಬರೆಯಿಸಿ, ತನ್ನ ಜನರ ನೆಲಕ್ಕೂ ಬೇಟೆಗೂ ಆದ ನಷ್ಟಕ್ಕೆ ಪರಿಹಾರ ಕೇಳಿದನು. ಯೂಕಾನಿನ ಮೂಲನಿವಾಸಿಗಳು ತಮ್ಮ ಹಕ್ಕೊತ್ತಾಯವನ್ನು 1973ರಲ್ಲಿ ಪ್ರಧಾನಿಯ ಕೈಗೆ ಕೊಟ್ಟರು. ಚೌಕಟ್ಟಿನ ಒಪ್ಪಂದಕ್ಕೆ 1993ರಲ್ಲಿ ಸಹಿ ಬಿದ್ದಿತು. ಕಾರ್‌ಕ್ರಾಸ್–ಟ್ಯಾಗಿಷ್ ಜನರ ಒಪ್ಪಂದವು 2005ರಲ್ಲಿ ಆಯಿತು. ಜಿಮ್ ಬಾಸನ ಪತ್ರಕ್ಕೂ ಇದಕ್ಕೂ ನಡುವೆ ಒಂದು ಶತಮಾನವೇ ಕಳೆದಿತ್ತು. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಟ್ರೋಂಡೆಕ್–ಕ್ಲಾಂಡೈಕ್ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಗಣಿಗಳ ಕೀರ್ತಿಗಿಂತ ಹೆಚ್ಚಾಗಿ, ಮೂಲನಿವಾಸಿಗಳು ವಸಾಹತಿನ ಆಕ್ರಮಣಕ್ಕೆ ಹೊಂದಿಕೊಂಡು ಬದುಕಿದ ಬಗೆಯನ್ನು ಕಾರಣವಾಗಿ ಹೇಳಿತು.

ಮೇಲಿನ ವಿವೇಚನೆಯಿಂದ ವಿಹಾರಯಾತ್ರೆಯು ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಹಳಿ, ಬಂಡೆ, ಶಿಲುಬೆ, ಸಮಾಧಿ ಇವೆಲ್ಲವೂ ಸಾಕ್ಷ್ಯಗಳೇ. ಕಡತಗಳಲ್ಲಿ ಕಾಣದ ಏರಿನ ಕಡಿದಾದ ಸ್ವರೂಪವನ್ನು ಆ ದಾರಿಯೇ ತಿಳಿಸಬಲ್ಲದು. ಆದರೆ ದಾರಿಯನ್ನು ಓದುವಾಗ ಇದನ್ನು ಯಾರು ಕಟ್ಟಿದರು ಎಂದು ಕೇಳುವುದರ ಜೊತೆಗೆ, ಇದಕ್ಕೆ ಮೊದಲು ಇಲ್ಲಿ ಯಾರು ನಡೆಯುತ್ತಿದ್ದರು ಎಂದೂ ವಿದ್ಯಾರ್ಥಿಯು ಕೇಳತಕ್ಕದ್ದು. ವೈಟ್ ಪಾಸಿನ ಮಟ್ಟಿಗೆ ಮೊದಲ ಪ್ರಶ್ನೆಗೆ ಉತ್ತರವು ಎರಡು ವರ್ಷಗಳ ಕೆಲಸದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಉತ್ತರವು ಕಾರ್‌ಕ್ರಾಸಿನ ಸಮಾಧಿಗಳ ಬಳಿ ಇನ್ನೂ ಬಾಳುತ್ತಿರುವ ಜನರಿಂದಲೇ ದೊರೆಯಬೇಕಾಗಿದೆ.