ಮೋಡ ಬರೆದ ಕಪ್ತಾನ

ನೂರೈವತ್ತು ವರ್ಷಗಳಿಗೂ ಹಿಂದಿನ ಛಾಯಾಚಿತ್ರಗಳನ್ನು ನೋಡಿದವರಿಗೆ ಒಂದು ವಿಚಿತ್ರ ಕಂಡಿರಬಹುದು: ಅವುಗಳಲ್ಲಿ ಆಕಾಶವೇ ಇಲ್ಲ. ಗುಡಿ ಇದೆ, ಬೆಟ್ಟವಿದೆ, ಮರವಿದೆ. ಮೇಲೆ ಮಾತ್ರ ಸುಣ್ಣ ಬಳಿದ ಗೋಡೆಯಂಥ ಬಿಳುಪು. ಆ ಕಾಲದಲ್ಲಿ ನಮ್ಮ ನಾಡಿಗೆ ಮೋಡ ಬರುತ್ತಿರಲಿಲ್ಲವೆಂದಲ್ಲ. ಅಂದಿನ ಛಾಯಾಗ್ರಾಹಕ ಕಾಗದಕ್ಕೆ ಹಚ್ಚುತ್ತಿದ್ದ ಬೆಳ್ಳಿಯ ಲವಣಕ್ಕೆ ಬೆಳಕಿನ ವಿಷಯದಲ್ಲಿ ಬಲವಾದ ಪಕ್ಷಪಾತವಿತ್ತು. ನೀಲಿ ಅದಕ್ಕೆ ತಟ್ಟನೆ ತಾಕುತ್ತಿತ್ತು. ಕೆಂಪು, ಹಳದಿ, ಹಸಿರುಗಳಿಗೆ ಅದು ಬಹುಮಟ್ಟಿಗೆ ಕುರುಡು. ಕಲ್ಲೂ ಎಲೆಯೂ ಮೂಡುವಷ್ಟು ಹೊತ್ತು ಕಾದರೆ, ಅಷ್ಟರಲ್ಲಿ ಆಕಾಶದ ಭಾಗವೆಲ್ಲ ನೆಗಟಿವಿನಲ್ಲಿ ಕಪ್ಪಾಗಿ, ಅಚ್ಚಿನಲ್ಲಿ ಬರಿದಾಗುತ್ತಿತ್ತು.

ಈ ಬರಿದಾದ ಆಕಾಶವನ್ನು ಏನು ಮಾಡಬೇಕು? ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ಎಂದು ಎರಡು ನೆಗಟಿವ್ ತೆಗೆದು, ೧೮೫೭ರ ಸುಮಾರಿಗೆ ಕೆಲವು ಚಿತ್ರಗಳಲ್ಲಿ ಅವನ್ನು ಕೂಡಿಸಿದ. ನಮ್ಮ ಕಡೆ ಓಡಾಡಿದ ಒಬ್ಬ ದಂಡಿನ ಅಧಿಕಾರಿ ಬೇರೆ ದಾರಿ ಹಿಡಿದ. ಆತ ಮದರಾಸು ಸೈನ್ಯದ ಲಿನಿಯಸ್ ಟ್ರೈಪ್. ೧೮೫೪ರ ಡಿಸೆಂಬರಿನಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳ ಚಿತ್ರ ತೆಗೆದು, ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಪದಕ ಪಡೆದವನು. ೧೮೫೫ರಲ್ಲಿ ಬರ್ಮಾದ ಅರಸನ ಬಳಿಗೆ ಹೋದ ರಾಯಭಾರಿಗಳ ತಂಡದಲ್ಲಿ ಸರ್ಕಾರ ಈತನನ್ನೂ ಕಳುಹಿಸಿತು. ಕಾಯಿಲೆ, ಮಳೆ, ಮಬ್ಬು ಎಲ್ಲ ಕಳೆದು ಕೆಲಸಕ್ಕೆ ಒದಗಿದ್ದು ಮೂವತ್ತಾರೇ ದಿನ. ಆದರೂ ಇನ್ನೂರಕ್ಕೂ ಮಿಕ್ಕಿ ನೆಗಟಿವ್‌ಗಳೊಡನೆ ಹಿಂದಿರುಗಿದ. ಆಮೇಲೆ ಕುಂಚ ಹಿಡಿದು ಕುಳಿತು, ಹಲವು ನೆಗಟಿವ್‌ಗಳ ಮೇಲೆ ಮೋಡಗಳನ್ನು ಬರೆದ! ನೆಗಟಿವಿನಲ್ಲಿ ಬಣ್ಣ ಬಳಿದ ಜಾಗಕ್ಕೆ ಬೆಳಕು ತೂರದು. ಅಚ್ಚಿನಲ್ಲಿ ಅದೇ ಬೆಳ್ಳಗಿನ ಮೋಡ.

ಇದು ಮೋಸವೆ? ಮಿತ್ರರೊಬ್ಬರು ಹಾಗೆಂದೇ ವಾದಿಸುತ್ತಾರೆ. ಟ್ರೈಪನ ಕಣ್ಣಿಗೆ ಮೋಡ ಕಂಡಿತ್ತು, ಕಾಗದಕ್ಕೆ ಕಾಣಲಿಲ್ಲ. ಕಾಗದದ ಕುರುಡನ್ನು ಕೈಯಿಂದ ತಿದ್ದಿದ, ಅಷ್ಟೆ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದು ಕೊಸರು ಉಳಿಯುತ್ತದೆ. ಆತ ಬರೆದದ್ದು ಆ ದಿನದ ಮೋಡವಲ್ಲ, ಮೋಡವೆಂದರೆ ಹೀಗಿರಬೇಕೆಂದು ತಾನು ಬಗೆದದ್ದನ್ನು. ಚಿತ್ರದ ಕಲ್ಪನೆ ಆತನಿಗೆ ಬಂದದ್ದು ಕ್ಯಾಮೆರಾದಿಂದಲ್ಲ. ಹತ್ತಿರ ಮರ, ನಡುವೆ ಪಾಳುಗುಡಿ, ದೂರ ಬೆಟ್ಟ, ಮೇಲೆ ತೇಲುವ ಮೋಡ ಎಂಬ ಇಂಗ್ಲಿಷ್ ಚಿತ್ರಕಾರರ ಹಳೆಯ ಪಾಠದಿಂದ.

ಇನ್ನು ಹಂಪೆಯ ಮಾತು. ಟ್ರೈಪನ ಹಾಗೆಯೇ ಮದರಾಸು ಸೈನ್ಯದವನಾದ ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ಅಲ್ಲಿ ಚಿತ್ರಗಳನ್ನು ತೆಗೆದ. ಆಗ ಚಿತ್ರವನ್ನು ಹಿಗ್ಗಿಸುವ ಅನುಕೂಲ ಇರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ಪೆಟ್ಟಿಗೆಯನ್ನೇ ಹೊರಿಸಬೇಕು. ಗ್ರೀನ್‌ಲಾ ನೆಗಟಿವ್‌ಗಳು ಅಡಿಗೂ ಮಿಕ್ಕಿದ ಕಾಗದದ ಹಾಳೆಗಳು. ಮೇಣ ಹತ್ತಿಸಿದ ಕಾಗದವನ್ನು ಮುಂಚಿತವಾಗಿ ಸಿದ್ಧಮಾಡಿ ಒಯ್ಯಬಹುದೆಂಬುದೊಂದೇ ಸುಖ. ಮಸೂರದ ಮುಚ್ಚಳ ತೆಗೆದಮೇಲೆ ನಿಮಿಷಗಟ್ಟಲೆ ಕಾಯಬೇಕು. ಗಾಳಿ ಬೀಸಿದರೆ ಎಲೆಗಳೆಲ್ಲ ಹೊಗೆ. ನಡೆದುಹೋದ ಮನುಷ್ಯ ಚಿತ್ರದಲ್ಲಿ ಇರುವುದೇ ಇಲ್ಲ. ದಿನಕ್ಕೆ ಕೆಲವೇ ಹಾಳೆಗಳು ಮುಗಿಯುವ ಈ ಕೆಲಸದಲ್ಲಿ, ಮೊದಲು ಚಿತ್ರ ತೆಗೆದು ಆಮೇಲೆ ಯೋಚಿಸುವ ನಮ್ಮ ಇಂದಿನ ಪದ್ಧತಿ ನಡೆಯುವಂತಿರಲಿಲ್ಲ. ಎಲ್ಲಿ ನಿಲ್ಲಬೇಕು, ಬಿಸಿಲು ಯಾವ ಮಗ್ಗುಲಿಗೆ ಬಂದಾಗ ಮುಚ್ಚಳ ತೆಗೆಯಬೇಕು ಎಂಬುದು ಮೊದಲೇ ಗೊತ್ತಾಗಬೇಕು.

ವಿಠ್ಠಲ ದೇವಾಲಯದ ಅಂಗಳದಲ್ಲಿ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಒಮ್ಮೆ ಕುಳಿತು ನೋಡಿದ್ದುಂಟು. ಹೊತ್ತು ಮೂಡಿದ ಸ್ವಲ್ಪ ಹೊತ್ತಿಗೆ ಓರೆ ಬಿಸಿಲು ಕಂಬಕಂಬಕ್ಕೂ ನೆರಳಿನ ಗೆರೆ ಕೊಟ್ಟು, ಕಲ್ಲಿನ ಕುದುರೆಗಳು ಮುಂದಕ್ಕೆ ನೆಗೆದು ಬರುವಂತೆ ತೋರುತ್ತವೆ. ಹನ್ನೆರಡಕ್ಕೆ ಅದೇ ಕಲ್ಲು ರೊಟ್ಟಿಯ ಹಾಗೆ ಚಪ್ಪಟೆ. ಸೂರಿನ ಕೆಳಗೆ ಮಸಿ ಸುರಿದ ಕತ್ತಲೆ. ಕಾಗದದ ನೆಗಟಿವ್ ಬಿಸಿಲು ನೆರಳುಗಳ ವ್ಯತ್ಯಾಸವನ್ನು ಇನ್ನೂ ಒರಟಾಗಿಸುತ್ತಿತ್ತು. ಗ್ರೀನ್‌ಲಾ ಚಿತ್ರಗಳಲ್ಲಿ ಕಣ್ಣು ಆಕಾಶವನ್ನು ಹುಡುಕುವುದಿಲ್ಲ. ಬಂಡೆಯ ಮೈಮೇಲೆ, ಕಂಬದ ಕೆತ್ತನೆಯ ಮೇಲೆ ನಿಲ್ಲುತ್ತದೆ. ಟ್ರೈಪನಿಗಿಂತ ಈತನೇ ನನಗೆ ಹೆಚ್ಚು ಪ್ರಿಯನಾದವನು, ನಿಜ ಹೇಳುತ್ತೇನೆ.

ಟ್ರೈಪನ ಗತಿ ಏನಾಯಿತೆಂಬುದನ್ನೂ ಹೇಳಿಬಿಡಬೇಕು. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ೧೮೫೮ರಲ್ಲಿ ಆತ ತಂಜಾವೂರಿನ ದೊಡ್ಡ ಗುಡಿಯ ಶಾಸನಗಳನ್ನು ತುಂಡುತುಂಡಾಗಿ ತೆಗೆದು, ಇಪ್ಪತ್ತೊಂದು ಚಿತ್ರಗಳನ್ನು ಜೋಡಿಸಿ ಸುಮಾರು ಹತ್ತೊಂಬತ್ತು ಅಡಿ ಉದ್ದದ ಒಂದೇ ಪಟ ಮಾಡಿದ. ಅಲ್ಲಿ ಮೋಡಕ್ಕೆ ಜಾಗವೇ ಇಲ್ಲ! ಮರುವರ್ಷ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್ ಇದೊಂದು ದುಬಾರಿ ಭೋಗವೆಂದು ಎಣಿಸಿ ಕೆಲಸ ನಿಲ್ಲಿಸಿದ. ೧೯೦೨ರವರೆಗೆ ಬದುಕಿದ್ದರೂ ಟ್ರೈಪ್ ಆಮೇಲೆ ಹೆಚ್ಚು ಚಿತ್ರ ತೆಗೆಯಲಿಲ್ಲ.

ಭೋಗವೋ ಅಲ್ಲವೋ ಎಂಬುದಕ್ಕೆ ಹಂಪೆಯ ಕಲ್ಲಿನ ರಥವನ್ನೇ ಕೇಳಬಹುದು. ೧೯೮೩ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಕಂಬ ನಿಂತಿದೆ, ಯಾವುದು ಹೋಗಿದೆ ಎಂಬುದು ಗೊತ್ತಾಗುತ್ತದೆ. ಗ್ರೀನ್‌ಲಾ ಚಿತ್ರದಲ್ಲಿ ರಥದ ನೆತ್ತಿಗೆ ಇಟ್ಟಿಗೆಯ ಶಿಖರವಿದೆ. ಗಾಲಿಂಗ್ಸ್ ಕಾಲಕ್ಕೆ ಅದಿಲ್ಲ. ೨೦೧೭ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯ ರಥಕ್ಕೂ ಇಲ್ಲ.