ಮಾಹಿತಿ ಕಣಜ

ಸರ್ಕಾರಿ ಇಲಾಖೆಗಳ ಪ್ರತ್ಯೇಕ ಜಾಲತಾಣಗಳಲ್ಲಿ ಚದುರಿದ ಸಾರ್ವಜನಿಕ ಮಾಹಿತಿಯನ್ನು ಒಂದೆಡೆ ತೋರಿಸುವ ಕರ್ನಾಟಕ ಸರ್ಕಾರದ ಜಾಲತಾಣ. ನಿರ್ವಹಣೆ ಇ-ಆಡಳಿತ ಇಲಾಖೆಯದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣದಂತೆ ಸರ್ಕಾರಿ ಕಚೇರಿಗಳು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕು. ಅದೇ ಇದರ ಬುನಾದಿ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಜಸ್ಥಾನದ ಜನ ಸೂಚನಾ ಪೋರ್ಟಲ್ ಇದಕ್ಕೆ ಮಾದರಿ.

ಇದರ ಅಗತ್ಯ ಹಳ್ಳಿಯಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ರೈತರಿಗೆ ಪಹಣಿ ಬೇಕಾದರೆ 'ಭೂಮಿ', ಅಡಿಕೆ ಧಾರಣೆಗೆ 'ಕೃಷಿ ಮಾರಾಟ ವಾಹಿನಿ', ಉದ್ಯೋಗ ಖಾತ್ರಿ ಕೂಲಿಯ ಲೆಕ್ಕಕ್ಕೆ ಕೇಂದ್ರದ ಮತ್ತೊಂದು ತಾಣ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ಇದೇ ಪಾಡು. ಮಾಹಿತಿ ಕಣಜವು ಇಲಾಖೆಗಳ ದತ್ತಾಂಶವನ್ನು ತಂತ್ರಾಂಶದ ಮೂಲಕ ಪಡೆದು, ಸ್ಥಳವಾರು ಕನ್ನಡದಲ್ಲಿಯೇ ತೋರಿಸುತ್ತದೆ. ಪಡಿತರ, ಪಿಂಚಣಿಯಂಥ ಯೋಜನೆಗಳ ವಿವರ ನೋಡಲು ಅರ್ಜಿ ಬೇಡ, ಶುಲ್ಕವೂ ಇಲ್ಲ. ಊರಿನವರೇ ಯೋಜನೆಗಳ ಮೇಲೆ ಕಣ್ಣಿಡಲು ಸಾಧ್ಯವಾದದ್ದು ಇದರ ದೊಡ್ಡ ಗಳಿಕೆ.

ಆದರೆ ಮೂಲ ಇಲಾಖೆ ದತ್ತಾಂಶವನ್ನು ಪರಿಷ್ಕರಿಸದಿದ್ದರೆ ಇಲ್ಲಿಯೂ ಹಳೆಯದೇ ಕಾಣುತ್ತದೆ. ಹೀಗಾಗಿ ವಿವರ ಓದುವಾಗ ಪರಿಷ್ಕರಣೆಯ ದಿನಾಂಕವನ್ನೂ ಗಮನಿಸಬೇಕು. ಇಲ್ಲಿ ಸಿಗದ ದಾಖಲೆಯನ್ನು ಅದೇ ಕಾಯ್ದೆಯ 6ನೆಯ ಪ್ರಕರಣದಡಿ ಅರ್ಜಿ ಸಲ್ಲಿಸಿ ಕೇಳಬಹುದು.